ಹನ್ನೊಂದನೇ ಪ್ರಶ್ನೆ

ಕುಂದಾಪುರದ ಪಿಯು ಕಾಲೇಜೊಂದರಲ್ಲಿ ಸುಗುಣ ಫಿಸಿಕ್ಸ್ ಪಾಠ ಮಾಡತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ನೋಟ್ಸ್ ಅಚ್ಚುಕಟ್ಟು, ಪೋರ್ಷನ್ ಡಿಸೆಂಬರ್ ಒಳಗೆ ಮುಗಿಯುತ್ತಿತ್ತು. ಯಾವ ಪ್ರಶ್ನೆ ಬರಬಹುದು ಎಂದು ಅವಳು ಗುರುತು ಹಾಕಿಕೊಟ್ಟರೆ ಹತ್ತರಲ್ಲಿ ಏಳು ಬಂದೇ ಬರುತ್ತಿತ್ತು. ಕೋಟೇಶ್ವರದಲ್ಲಿ ಅವಳ ಗಂಡ ರಾಘವೇಂದ್ರನ ಪಂಪ್‌ಸೆಟ್ ಅಂಗಡಿಗೆ ಬರುವವರೂ "ಸುಗುಣ ಮೇಡಂ ಮನೆಯವ್ರಲ್ದಾ" ಎಂದೇ ಮಾತು ಶುರು ಮಾಡುತ್ತಿದ್ದರು.

ಪಡುಗಡಲು ಟ್ರಸ್ಟಿನ ಕಾರ್ಯದರ್ಶಿ ಪ್ರೇಮಾನಂದ ಅವಳನ್ನು ಹುಡುಕಿಕೊಂಡು ಬಂದದ್ದೂ ಈ ಹೆಸರು ಕೇಳಿಯೇ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಹೈಸ್ಕೂಲುಗಳಿಂದ ಹತ್ತನೇ ತರಗತಿಯ ನಲವತ್ತು ಮಕ್ಕಳನ್ನು ಆರಿಸುವುದು, ಪ್ರತಿ ಭಾನುವಾರ ಕುಂದಾಪುರದಲ್ಲಿ ಅವರಿಗೆ ಡಿಗ್ರಿ ಮಟ್ಟದ ಫಿಸಿಕ್ಸ್ ಹೇಳಿಕೊಡುವುದು, ಜನವರಿಯಲ್ಲಿ ಅದೇ ಮಟ್ಟದ ಒಂದು ಪರೀಕ್ಷೆ. ಮೊದಲ ಮೂವರನ್ನು ಏಪ್ರಿಲಿನಲ್ಲಿ ಮೈಸೂರಿನ ಹನ್ನೆರಡು ದಿನಗಳ ವಿಜ್ಞಾನ ಶಿಬಿರಕ್ಕೆ ಟ್ರಸ್ಟೇ ಕಳಿಸುತ್ತದೆ. ಪಾಠವೂ ಪ್ರಶ್ನೆಪತ್ರಿಕೆಯೂ ಸುಗುಣಳದೇ ಆಗಬೇಕು ಎಂದು ಅವನ ಹಟ.

"ನನ್ ಮಗ್ಳೂ ಹತ್ತನೇ ಕ್ಲಾಸ್. ಅವ್ಳೂ ಸೇರ್ಬೇಕ್ ಅಂತ ಇತ್ತ್," ಎಂದು ಅವಳು ಮೊದಲೇ ಹೇಳಿದ್ದಳು.

"ಸೇರ್ಲಿ ಮೇಡಂ. ಪೇಪರ್ ಮೇಲೆ ಹೆಸ್ರ್ ಇಪ್ಪುದಿಲ್ಲ, ನಂಬರ್ ಮಾತ್ರ. ನಿಮ್ ಮೇಲೆ ಯಾರಿಗ್ ಸಂಶಯ ಬತ್ತ್?" ಎಂದಿದ್ದ ಪ್ರೇಮಾನಂದ.

ಹಾಗೆ ಮಗಳು ಸ್ವಾತಿ ಮುಂದಿನ ಬೆಂಚಿನಲ್ಲಿ ಕೂತಳು. ಕಿಟಕಿ ಬದಿಯ ಹಿಂದಿನ ಬೆಂಚಿನಲ್ಲಿ ಬೀಜಾಡಿಯ ಶರಣ್ಯಾ ಇದ್ದಳು. ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಅಪ್ಪ ಗಂಗೊಳ್ಳಿಯ ಮೀನಿನ ಬೋಟಿಗೆ ಹೋಗುವವನು. ಅಜ್ಜಿ ಸೀತು ಹಿಂದೆ ಬುಟ್ಟಿ ಹೊತ್ತು ಕೋಟೇಶ್ವರದ ಮನೆಮನೆಗೆ ಮೀನು ತರುತ್ತಿದ್ದವಳು. ಸುಗುಣಳ ಮನೆಗೂ ವರ್ಷಗಟ್ಟಲೆ ತಂದಿದ್ದಳು. ಮಂಡಿ ನೋವು ಜೋರಾದ ಮೇಲೆ ಬಿಟ್ಟಿದ್ದಳು.

ಶರಣ್ಯಾ ನೋಟ್ಸ್ ಬರೆಯುವುದರಲ್ಲಿ ಹಿಂದೆ. ಬೋರ್ಡಿನಲ್ಲಿ ಬರೆದದ್ದನ್ನು ಅರ್ಧ ಇಳಿಸಿಕೊಂಡು ಪೆನ್ನು ಬಾಯಿಗಿಟ್ಟು ಕೂತುಬಿಡುತ್ತಿದ್ದಳು. ಆಮೇಲೆ ಎಲ್ಲರೂ ಮುಂದಿನ ಪುಟಕ್ಕೆ ಹೋದ ಹೊತ್ತಿಗೆ ಕೈ ಎತ್ತಿ "ಯಾಕೆ ಟೀಚರ್?" ಎಂದು ಕೇಳುತ್ತಿದ್ದಳು. ಪಿಯುಸಿಯಲ್ಲಿ ಇಂಥ ಪ್ರಶ್ನೆ ಕೇಳುವವರು ಕಡಿಮೆ. ಅಲ್ಲಿ "ಇದು ಎಷ್ಟು ಮಾರ್ಕಿಗೆ ಬರುತ್ತೆ" ಎಂದಷ್ಟೇ ಕೇಳುತ್ತಾರೆ. ಸುಗುಣಳಿಗೆ ಶರಣ್ಯಾಳ ಕೈ ಮೇಲೇಳುವುದು ಕಂಡರೆ ಒಳಗೊಳಗೇ ಕಿರಿಕಿರಿಯಾಗುತ್ತಿತ್ತು. ಉತ್ತರ ಗೊತ್ತಿಲ್ಲದೆ ಹೋದರೆ ಎಂಬ ಅಂಜಿಕೆ ಅದು ಎಂದು ಅವಳಿಗೆ ಗೊತ್ತಿತ್ತು, ಆದರೆ ಹಾಗೆಂದು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ನವೆಂಬರಿನಲ್ಲಿ ತಿರುಗುವ ವಸ್ತುಗಳ ಪಾಠ ನಡೆಯುತ್ತಿದ್ದಾಗ ಯಡ್ತರೆಯ ಒಬ್ಬ ಹುಡುಗ ಒಂದು ಸಂಶಯ ಎತ್ತಿದ. ಎರಡೂ ಬದಿಗೆ ಅಗಲವಾದ ಅಂಚಿರುವ ದಾರದ ರೀಲು ಮೇಜಿನ ಮೇಲಿದೆ, ದಾರ ಅಡಿಯಿಂದ ಹೊರಬಂದಿದೆ, ಆ ದಾರವನ್ನು ಮೇಜಿಗೆ ಸಮವಾಗಿ ಮೆಲ್ಲಗೆ ಎಳೆದರೆ ರೀಲು ಯಾವ ಕಡೆ ಉರುಳುತ್ತದೆ? ಸುಗುಣ ಒಂದು ಕ್ಷಣ ಯೋಚಿಸಿ, "ದಾರ ಬಿಚ್ಚಿಕೊಳ್ತದೆ ಅಲ್ವಾ, ಹಾಗಾಗಿ ರೀಲು ಹಿಂದಕ್ಕೆ, ಎಳೆಯುವವರಿಂದ ದೂರ ಹೋಗ್ತದೆ" ಎಂದಳು. ಬೋರ್ಡಿನ ಮೇಲೆ ಚಿತ್ರ ಬರೆದು, ನಡುಬಿಂದುವಿನ ಸುತ್ತ ತಿರುಗುವ ಬಲದ ಲೆಕ್ಕ ಹಾಕಿ ತೋರಿಸಿದಳು. ಲೆಕ್ಕ ಚೆನ್ನಾಗಿ ಬಂತು. ಎಲ್ಲರೂ ಇಳಿಸಿಕೊಂಡರು. ಯೋಚನೆ ಮಾಡಿಸುವ ಪ್ರಶ್ನೆ ಎಂದು ಅವಳಿಗೇ ಇಷ್ಟವಾಗಿ, ಜನವರಿಯ ಪತ್ರಿಕೆಯಲ್ಲಿ ಅದನ್ನು ಹನ್ನೊಂದನೇ ಪ್ರಶ್ನೆಯಾಗಿ ಹಾಕಿದಳು. ಹತ್ತು ಅಂಕ.

ಮೂವತ್ತೊಂಬತ್ತು ಮಕ್ಕಳು ಬೋರ್ಡಿನಲ್ಲಿದ್ದದ್ದನ್ನೇ ಬರೆದಿದ್ದರು. ಒಂದು ಪೇಪರಿನಲ್ಲಿ ಮಾತ್ರ ಲೆಕ್ಕವೇ ಇರಲಿಲ್ಲ. ಒಂದು ಪುಟ್ಟ ಚಿತ್ರ, ಅದರ ಕೆಳಗೆ ಮೂರು ಸಾಲು: "ರೀಲು ಮೇಜನ್ನು ಮುಟ್ಟುವ ಜಾಗ ಹಿಡಿದು ನೋಡಬೇಕು. ಎಳೆತ ಅದಕ್ಕಿಂತ ಮೇಲೆ ಇದೆ. ಆದ್ದರಿಂದ ರೀಲು ಎಳೆಯುವವರ ಕಡೆಗೇ ಬರುತ್ತದೆ, ದಾರ ಬಿಚ್ಚುವುದಿಲ್ಲ, ಸುತ್ತಿಕೊಳ್ಳುತ್ತದೆ." ಸುಗುಣ ಅದಕ್ಕೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದಳು. ಪೇಪರಿನ ಮೇಲೆ ಹೆಸರಿರಲಿಲ್ಲ. ಬರವಣಿಗೆ ಬೀಜಾಡಿಯ ಹುಡುಗಿಯದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಸ್ವಾತಿಯ ಬರವಣಿಗೆಯಂತೂ ಗೊತ್ತಾಗದೇ ಇರಲು ಸಾಧ್ಯವೇ ಇರಲಿಲ್ಲ. ಒಟ್ಟು ಮಾಡಿದಾಗ ಬ್ರಹ್ಮಾವರದ ಹುಡುಗನಿಗೆ ಎಂಬತ್ತೊಂದು, ಯಡ್ತರೆಯವನಿಗೆ ಎಪ್ಪತ್ತೇಳು, ಸ್ವಾತಿಗೆ ಎಪ್ಪತ್ನಾಲ್ಕು. ಶರಣ್ಯಾಳಿಗೆ ಅರವತ್ತೆಂಟು. ಶುಕ್ರವಾರವೇ ಪಟ್ಟಿ ಪ್ರೇಮಾನಂದನ ಫೋನಿಗೆ ಹೋಯಿತು.

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟು ಬಂದು ಊಟ ಮಾಡಿದ ಮೇಲೂ ಆ ಮೂರು ಸಾಲು ಅವಳ ತಲೆಯಿಂದ ಹೋಗಲಿಲ್ಲ. ಸ್ವಾತಿ ಟ್ಯೂಷನ್ನಿಗೆ ಹೋಗಿದ್ದಳು. ಸುಗುಣ ಹೊಲಿಗೆ ಯಂತ್ರದ ಡ್ರಾಯರಿನಿಂದ ಅಂಚಿರುವ ಒಂದು ರೀಲು ತೆಗೆದು, ದಾರ ಅಡಿಯಿಂದ ಬರುವ ಹಾಗೆ ಊಟದ ಮೇಜಿನ ಮೇಲಿಟ್ಟು, ಮೆಲ್ಲಗೆ ಎಳೆದಳು.

ರೀಲು ಅವಳ ಕಡೆಗೆ ಉರುಳಿ ಬಂತು.

ಮೇಜು ಇಳಿಜಾರಿರಬಹುದು ಎಂದು ಇನ್ನೊಂದು ಬದಿಗೆ ಹೋಗಿ ನಿಂತು ಎಳೆದಳು. ಬಂತು. ನೆಲದ ಮೇಲೆ ಕೂತು ಎಳೆದಳು. ಅಲ್ಲೂ ಬಂತು, ಬರುತ್ತಾ ಬರುತ್ತಾ ದಾರವನ್ನು ತನ್ನ ಸುತ್ತ ಸುತ್ತಿಕೊಂಡೇ ಬಂತು. ಕಾಗದ ತೆಗೆದು ಲೆಕ್ಕ ಮಾಡಿದಳು. ಮೇಜಿನ ಘರ್ಷಣೆಯನ್ನು ಅವಳು ಮರೆತೇಬಿಟ್ಟಿದ್ದಳು. ಮೊದಲ ವರ್ಷದ ಡಿಗ್ರಿ ಹುಡುಗರು ಮಾಡುವ ತಪ್ಪು.

ಆಮೇಲೆ ಅವಳು ಇನ್ನೊಂದು ಲೆಕ್ಕವನ್ನೂ ಮಾಡಿದಳು. ತಪ್ಪು ಉತ್ತರಕ್ಕೆ ಕೊಟ್ಟ ಅಂಕ ಎಲ್ಲರಿಂದ ತೆಗೆದು ಶರಣ್ಯಾಳಿಗೆ ಹತ್ತು ಕೊಟ್ಟರೆ ಅವಳದು ಎಪ್ಪತ್ತೆಂಟು, ಎಲ್ಲರಿಗಿಂತ ಮೊದಲು. ಬ್ರಹ್ಮಾವರದವನೂ ಯಡ್ತರೆಯವನೂ ಕೆಳಗಿಳಿದರೂ ಮೂವರೊಳಗೇ ಉಳಿಯುತ್ತಾರೆ. ಜಾಗ ಹೋಗುವುದು ಸ್ವಾತಿಯದೊಂದೇ.

ಫೋನು ಕೈಯಲ್ಲೇ ಇತ್ತು. ಪ್ರೇಮಾನಂದನಿಗೆ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಪಟ್ಟಿ ಕಳಿಸಿ ಆಗಿದೆ, ಕ್ಲಾಸಿನಲ್ಲಿ ಹೇಳಿಕೊಟ್ಟದ್ದಕ್ಕೇ ತಾನೇ ಅಂಕ ಕೊಡಬೇಕು, ಈಗ ಬದಲಿಸಿದರೆ ಮಗಳಿಗಾಗಿ ಏನೋ ಮಾಡಿದ್ದಾರೆ ಎಂದು ಜನ ಉಲ್ಟಾ ತಿಳಿಯಬಹುದು ಎಂದೆಲ್ಲ ಅವಳು ತನಗೆ ಹೇಳಿಕೊಂಡಳು. ಕೊನೆಯದು ಎಷ್ಟು ಹುಚ್ಚು ಮಾತೆಂದರೆ ಅದನ್ನು ಯೋಚಿಸಿದ ಕೂಡಲೇ ಅವಳ ಮುಖ ಬಿಸಿಯಾಯಿತು. ಆದರೂ ಫೋನು ಮಾಡಲಿಲ್ಲ. ರೀಲನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದಳು.

ಭಾನುವಾರ ಫಲಿತಾಂಶ. ಮಕ್ಕಳಿಗೆ ಪೇಪರು ನೋಡಲು ಒಂದು ಗಂಟೆ ಕೊಟ್ಟಿದ್ದರು, ಆಮೇಲೆ ವಾಪಸು ಕೊಡಬೇಕು. ಶರಣ್ಯಾ ಎಲ್ಲರೂ ಹೋದ ಮೇಲೆ ಪೇಪರು ಹಿಡಿದು ಸುಗುಣಳ ಮೇಜಿನ ಹತ್ತಿರ ಬಂದಳು.

"ಟೀಚರ್, ಈ ಹನ್ನೊಂದನೇದ್ ಯಾಕ್ ತಪ್ಪಾಯ್ತ್?"

ಹುಡುಗಿಯ ಧ್ವನಿಯಲ್ಲಿ ತಕರಾರಿರಲಿಲ್ಲ. ನಿಜವಾಗಿಯೂ ತಿಳಿಯಬೇಕು ಎಂದು ಕೇಳುತ್ತಿದ್ದಳು. ಸುಗುಣ ಪೇಪರನ್ನು ನೋಡಿದಳು, ಹುಡುಗಿಯ ಮುಖ ನೋಡಲಿಲ್ಲ.

"ಬೋರ್ಡ್ ಮೇಲೆ ಬರ್ದು ಕೊಟ್ಟಿದ್ನಲ್ಲ. ಕ್ಲಾಸಲ್ಲಿ ಸರಿಯಾಗಿ ಕೇಳ್ಬೇಕು. ಸ್ವಂತ ಬುದ್ಧಿ ಓಡ್ಸಿದ್ರೆ ಹೀಗೇ ಆಗೂದು."

ಶರಣ್ಯಾ ತನ್ನ ಮೂರು ಸಾಲನ್ನು ಇನ್ನೊಮ್ಮೆ ನೋಡಿದಳು. "ಆಯ್ತ್ ಟೀಚರ್," ಎಂದು ಪೇಪರನ್ನು ಮೇಜಿನ ಮೇಲಿಟ್ಟು ಹೋದಳು. ಆ ಒಂದು ಪೇಪರನ್ನು ಸುಗುಣ ಉಳಿದವುಗಳ ಜೊತೆ ಟ್ರಸ್ಟಿಗೆ ಕೊಡಲಿಲ್ಲ. ಮನೆಗೆ ತಂದು ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿಟ್ಟಳು. ಯಾಕೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಸ್ವಾತಿ ಮೈಸೂರಿಗೆ ಹೋದಳು. ದಿನಾ ಫೋನು ಮಾಡುತ್ತಿದ್ದವಳು ಏಳನೇ ದಿನದಿಂದ ಕಡಿಮೆ ಮಾಡಿದಳು. ವಾಪಸು ಬಂದ ಮಧ್ಯಾಹ್ನ ಬ್ಯಾಗು ಕೆಳಗಿಟ್ಟವಳೇ ಅಡುಗೆಮನೆಗೆ ಬಂದು ನಿಂತಳು.

"ಅಮ್ಮ, ರೀಲು ಈಚೆ ಬತ್ತ್. ನಿಂಗೆ ಗೊತ್ತಿತ್ತಾ?"

ಸುಗುಣ ಒಗ್ಗರಣೆ ಹಾಕುತ್ತಿದ್ದಳು. "ಯಾವ ರೀಲು?" ಎಂದಳು, ಗೊತ್ತಿದ್ದೂ.

ಶಿಬಿರದಲ್ಲಿ ಒಬ್ಬರು ಪ್ರೊಫೆಸರು ಕೇಬಲ್ ಸುತ್ತುವ ದೊಡ್ಡ ಮರದ ಡ್ರಮ್ಮನ್ನು ಅಂಗಳದಲ್ಲಿಟ್ಟು ಇದೇ ಪ್ರಶ್ನೆ ಕೇಳಿದ್ದರಂತೆ. ಸ್ವಾತಿ ಎಲ್ಲರಿಗಿಂತ ಮೊದಲು ಕೈ ಎತ್ತಿ, ಹಿಂದಕ್ಕೆ ಹೋಗುತ್ತದೆ ಎಂದು ಲೆಕ್ಕದ ಸಮೇತ ಹೇಳಿದಳಂತೆ. ಅವರು ಹಗ್ಗ ಅವಳ ಕೈಗೇ ಕೊಟ್ಟು ಎಳೆ ಎಂದರಂತೆ. ಡ್ರಮ್ಮು ಉರುಳಿ ಅವಳ ಕಾಲ ಬುಡಕ್ಕೇ ಬಂದು ನಿಂತಿತು. ಐವತ್ತು ಮಕ್ಕಳು ನಕ್ಕರು.

"ಯಾರ್ ಹೇಳ್ಕೊಟ್ರ್ ಅಂತ ಕೇಂಡ್ರ್ ಅವ್ರ್," ಎಂದಳು ಸ್ವಾತಿ. "ನಾನ್ ಪುಸ್ತಕದಗ್ ಓದಿದ್ದೆ ಅಂದೆ. ನಿನ್ ಹೆಸ್ರ್ ಹೇಳ್ಲಿಲ್ಲ."

ಸುಗುಣಳ ಕೈಯ ಸೌಟು ನಿಂತಿತು. ಮಗಳು ತನ್ನ ಮಾನ ಕಾಯಲು ಸುಳ್ಳು ಹೇಳಿ ಬಂದಿದ್ದಳು.

"ನಮ್ ಪರೀಕ್ಷೆಲಿ ಯಾರಾರೂ ಸರಿ ಬರ್ದಿದ್ರಾ ಅಮ್ಮ?"

"ಇಲ್ಲ," ಎಂದಳು ಸುಗುಣ. "ಯಾರೂ ಬರೀಲಿಲ್ಲ. ನಂದೇ ತಪ್ಪಾಯ್ತ್, ಅವಸರದಗ್."

ಸ್ವಾತಿ ನಂಬಿದಳು. ನಂಬಿದ್ದು ಮುಖದಲ್ಲೇ ಕಂಡಿತು. ಸುಗುಣ ಆವತ್ತು ಮಗಳ ಎದುರು ಕೂತು ಊಟ ಮಾಡಲಾಗದೆ, ತಲೆನೋವು ಎಂದು ಹೋಗಿ ಮಲಗಿದಳು.

ಮೇ ಮೂರನೇ ವಾರ ಕಾಲೇಜಿನಲ್ಲಿ ಪ್ರವೇಶದ ಗಲಾಟೆ. ಅರ್ಜಿ ಪರಿಶೀಲಿಸಿ ಸಹಿ ಹಾಕುವ ಮೇಜು ಸುಗುಣಳದು. ಒಂದು ಬೆಳಿಗ್ಗೆ ಸಾಲಿನಲ್ಲಿ ಸೀತು ಕಾಣಿಸಿದಳು, ಕೋಲೂರಿಕೊಂಡು, ಮೊಮ್ಮಗಳ ಹೆಗಲು ಹಿಡಿದು. ಶರಣ್ಯಾ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ತೊಂಬತ್ತೇಳು. ಕೆಳಗೆ ವಿಭಾಗ ಎಂಬಲ್ಲಿ ಕಾಮರ್ಸ್ ಎಂದು ಬರೆದಿತ್ತು.

"ಕಾಮರ್ಸಾ?" ಎಂದಳು ಸುಗುಣ.

"ಹೌದ್ ಟೀಚರ್."

"ಅವ್ಳಪ್ಪ ಸೈನ್ಸೇ ತಕೋ ಅಂದ," ಎಂದಳು ಸೀತು. "ನಾನೂ ಹೇಳ್ದೆ. ಮೊದ್ಲ್ ಇವ್ಳೇ ಸೈನ್ಸ್ ಸೈನ್ಸ್ ಅಂತಿದ್ಲ್. ಈಗ ಕೇಂಬುದೇ ಇಲ್ಲ ಟೀಚ್ರೇ. ನೀವಾರೂ ಒಂದ್ ಮಾತ್ ಹೇಳಿ ಕಾಂಬ."

ಸುಗುಣ ಹುಡುಗಿಯ ಕಡೆ ನೋಡಿದಳು. "ಯಾಕೆ?" ಎಂಬ ಪ್ರಶ್ನೆ ಈ ಸಲ ಅವಳ ಬಾಯಿಂದ ಬಂತು.

ಶರಣ್ಯಾ ಉಗುರು ನೋಡಿಕೊಂಡಳು. "ಫಿಸಿಕ್ಸ್ ನಂಗೆ ಆಪುದಿಲ್ಲ ಟೀಚರ್. ಬೇರೆ ತಪ್ಪಾದ್ರೆ ಬೇಜಾರಿಲ್ಲ. ಆ ರೀಲಿಂದ್ ನಂಗೆ ಪೂರಾ ಖಾತ್ರಿ ಇದ್ದಿತ್. ಖಾತ್ರಿ ಇದ್ದದ್ದೇ ತಪ್ಪಾರೆ ಮತ್ತೆಂತ ಮಾಡುದ್? ನನ್ ತಲೆ ಸಮ ಓಡುದಿಲ್ಲ ಅಂದ್ಹೇಳಿ ಆಯ್ತಲೆ."

ಹಿಂದೆ ಹತ್ತಿಪ್ಪತ್ತು ಜನ ಕಾಯುತ್ತಿದ್ದರು. ಸುಗುಣ ಪೆನ್ನು ಕೆಳಗಿಟ್ಟಳು. ಪಕ್ಕದ ಕುರ್ಚಿಯಲ್ಲಿದ್ದ ಕೆಮಿಸ್ಟ್ರಿ ಮೇಷ್ಟ್ರು ತಲೆಯೆತ್ತಿ ನೋಡಿದರು. "ಕಾಮರ್ಸೂ ಒಳ್ಳೇದೇ," ಎಂದಳು ಅವಳು. ಪೆನ್ನು ತೆಗೆದು ಸಹಿ ಹಾಕಿದಳು. ಮೊಹರು ಒತ್ತಿ ಅರ್ಜಿ ಮುಂದಿನ ಮೇಜಿಗೆ ಕೊಟ್ಟಳು. ಸೀತು ಕೈ ಮುಗಿದು, "ನೀವ್ ಹೇಳ್ರೆ ಸಮ ಟೀಚ್ರೇ," ಎಂದು ಹೇಳಿ ಮೊಮ್ಮಗಳ ಹೆಗಲು ಹಿಡಿದು ಮುಂದೆ ಹೋದಳು.

ಆ ದಿನ ಇನ್ನೂ ಎಪ್ಪತ್ತು ಅರ್ಜಿಗಳಿಗೆ ಸುಗುಣ ಸಹಿ ಹಾಕಿದಳು. ಒಂದರ ಹೆಸರೂ ನೆನಪಿರಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಕಳಚದೆ ಜಗಲಿಯಲ್ಲೇ ಕೂತಳು. ಜನವರಿಯಿಂದ ಅವಳು ಹನ್ನೆರಡು ದಿನದ ಶಿಬಿರವೊಂದನ್ನೇ ತಪ್ಪಿನ ಲೆಕ್ಕಕ್ಕೆ ಹಿಡಿದಿದ್ದಳು. ಅಷ್ಟಕ್ಕೆ ಹೇಗೋ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು. ಆ ಹುಡುಗಿ ಕಳೆದುಕೊಂಡದ್ದು ಶಿಬಿರ ಅಲ್ಲ ಎಂದು ಈಗ ತಿಳಿಯಿತು.

ಸ್ವಾತಿ ನೀರು ತಂದುಕೊಟ್ಟಳು. ಸುಗುಣ ಲೋಟ ಹಿಡಿದುಕೊಂಡೇ ಹೇಳಿದಳು. "ಒಬ್ಳ್ ಸರಿ ಬರ್ದಿದ್ಲ್. ಶರಣ್ಯಾ."

ಸ್ವಾತಿಗೆ ಯಾವುದರ ಮಾತು ಎಂದು ತಿಳಿಯಲು ಸ್ವಲ್ಪ ಹೊತ್ತಾಯಿತು.

"ನಿಂಗೆ ಯಾವಾಗ್ ಗೊತ್ತಾಯ್ತ್?"

"ರಿಸಲ್ಟಿನ ಹಿಂದಿನ ದಿನ."

"ಹಂಗಾರೆ ನಾನ್ ಹೋದ್ದ್ ಅವ್ಳ್ ಜಾಗಕ್ಕೆ."

ಸುಗುಣ ತಲೆ ಆಡಿಸಿದಳು. ಮಗಳು ಅಳುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಸ್ವಾತಿ ಎರಡನ್ನೂ ಮಾಡಲಿಲ್ಲ. ಒಳಗೆ ಹೋಗಿ ಗೋಡೆಗೆ ಹಾಕಿದ್ದ ಶಿಬಿರದ ಪ್ರಮಾಣಪತ್ರವನ್ನು ಮೊಳೆಯಿಂದ ತೆಗೆದು ಹೊರಗೆ ತಂದಳು. ತಾಯಿಯ ತೊಡೆಯ ಮೇಲಿಟ್ಟು, "ಅಲ್ಲಿ ಎಲ್ರೂ ನನ್ ಕಂಡ್ ನೆಗಾಡಿರ್ ಅಂತ ನಂಗೆ ನಾಚ್ಕೆ ಆಯಿತ್," ಎಂದಳು. "ಇದ್ರ್ ಎದ್ರ್ ಅದೆಂತ ನಾಚ್ಕೆ ಅಲ್ಲ, ಅಲ್ದಾ ಅಮ್ಮ." ಮತ್ತೆ ಎರಡು ದಿನ ಅವಳು ತಾಯಿಯ ಜೊತೆ ಬೇಕಾದಷ್ಟಕ್ಕೆ ಮಾತ್ರ ಮಾತಾಡಿದಳು.

ಭಾನುವಾರ ಬೆಳಿಗ್ಗೆ ಸುಗುಣ ಬೀರುವಿನಿಂದ ಪೇಪರು ತೆಗೆದುಕೊಂಡು ರಿಕ್ಷಾ ಹಿಡಿದು ಬೀಜಾಡಿಗೆ ಹೋದಳು. ಸೀತು ಅವಳನ್ನು ಕಂಡು ಜಗಲಿಯ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು.

"ಬನ್ನಿ ಟೀಚ್ರೇ, ಕೂಕಣಿ. ನಿಮ್ ಮನಿ ಬಾಗ್ಲಿಗ್ ಎಷ್ಟ್ ವರ್ಷ ಬಂದಿದೆ ನಾನ್. ನಮ್ ಮನಿಗ್ ನೀವ್ ಬಂದದ್ ಇದೇ ಮೊದ್ಲ್. ಹೆಣ್ಣೇ, ಚಾ ಮಾಡ್."

"ಚಾ ಬೇಡ," ಎಂದು ಸುಗುಣ ಕೂತಳು. "ಶರಣ್ಯಾ ಇಲ್ಲೇ ಇರ್ಲಿ."

ಶರಣ್ಯಾ ಜಗಲಿಯ ಮೂಲೆಯಲ್ಲಿ ಒಣಮೀನು ಹೆಕ್ಕುತ್ತಿದ್ದವಳು ಕೈ ತೊಳೆದು ಬಂದು ಕಂಬದ ಹತ್ತಿರ ನಿಂತಳು. ರಿಕ್ಷಾದಲ್ಲಿ ಬರುವಾಗ ಸುಗುಣ ಹೇಗೆ ಶುರು ಮಾಡಬೇಕು ಎಂದು ಜೋಡಿಸಿಕೊಂಡಿದ್ದಳು. ಅದೆಲ್ಲ ಮರೆತುಹೋಯಿತು. ಪೇಪರನ್ನು ಹುಡುಗಿಯ ಕೈಗೆ ಕೊಟ್ಟಳು.

"ನೀನ್ ಬರ್ದದ್ದೇ ಸರಿ. ನಾನ್ ಹೇಳ್ಕೊಟ್ಟದ್ ತಪ್ಪ್."

ಶರಣ್ಯಾ ಪೇಪರು ನೋಡಿದಳು. ತನ್ನ ಮೂರು ಸಾಲನ್ನು ತುಟಿ ಅಲುಗಿಸುತ್ತಾ ಓದಿದಳು. ಕೆಂಪು ಗೆರೆಯ ಮೇಲೆ ಬೆರಳಿಟ್ಟಳು.

"ನಾನ್ ಮನಿಗ್ ಬಂದ್ ಎಳ್ದ್ ಕಂಡಿದ್ದೆ ಟೀಚರ್," ಎಂದಳು. "ಅಪ್ಪನ ಗಾಳದ ದಾರದ ರೀಲ್ ತಕಂಡ್. ಈಚೆಗೇ ಬಂತ್. ಮತ್ತ್ ಮತ್ತ್ ಎಳ್ದೆ. ಟೀಚರ್ ತಪ್ಪ್ ಅಂದಿರಲೆ, ನಾನೇ ಎಳೂದ್ ಸಮ ಇಲ್ಲ ಅಂದ್ಕಂಡೆ."

ಸುಗುಣಳಿಗೆ ಅದನ್ನು ಕೇಳಿ ಕೂರಲಾಗಲಿಲ್ಲ. ಎದ್ದು ನಿಂತಳು. ನಿಂತರೂ ಎಲ್ಲಿ ಹೋಗುವುದೆಂದು ಗೊತ್ತಾಗದೆ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಂಗೂ ಗೊತ್ತಿತ್ತ್," ಎಂದಳು. "ನೀನ್ ಬಂದ್ ಕೇಳುವಾಗ ನಂಗೆ ಗೊತ್ತಿತ್ತ್. ಹಿಂದಿನ್ ದಿನವೇ ನಾನೂ ಎಳ್ದ್ ನೋಡಿದ್ದೆ. ಗೊತ್ತಿದ್ದೇ ನಿಂಗೆ ಹಾಂಗ್ ಹೇಳ್ದೆ."

ಇಷ್ಟು ಹೊತ್ತು ಏನೂ ಅರ್ಥವಾಗದೆ ಇಬ್ಬರ ಮುಖ ನೋಡುತ್ತಿದ್ದ ಸೀತು ಈಗ ಬಾಯಿ ತೆರೆದಳು. "ಎಂತಕೆ?"

"ಇವ್ಳಿಗ್ ಮಾರ್ಕ್ ಕೊಟ್ರೆ ನನ್ ಮಗ್ಳ್ ಮೈಸೂರಿಗ್ ಹೋಪುಕ್ ಆತಿರ್ಲಿಲ್ಲ."

ಸೀತು ಕೋಲನ್ನು ಗೋಡೆಗೆ ಒರಗಿಸಿ ಜಗಲಿಯಂಚಿನಲ್ಲಿ ಕೂತಳು. ಪಕ್ಕದ ಮನೆಯಲ್ಲಿ ಯಾರೋ ಬೋಟಿನವರ ಜೊತೆ ಫೋನಿನಲ್ಲಿ ಜೋರಾಗಿ ಮಾತಾಡುವುದು ಕೇಳಿಸುತ್ತಿತ್ತು.

"ಆವತ್ ಬಂದವ್ಳ್ ಎರಡ್ ದಿನ ಉಣ್ಲಿಲ್ಲ ಕಾಣಿ," ಎಂದಳು ಸೀತು. ಧ್ವನಿ ಏರಿರಲಿಲ್ಲ. "ಎಂತ ಆಯ್ತ್ ಕೇಂಡ್ರೆ ಹೇಳುದಿಲ್ಲ. ನಾನ್ ಟೀಚ್ರ್ ಎಂತಾರೂ ಬೈದ್ರಾ ಕೇಂಡೆ. ಇಲ್ಲ, ಟೀಚ್ರ್ ಒಳ್ಳೆವ್ರ್, ನಂಗೇ ಬುದ್ಧಿ ಇಲ್ಲ ಅಂದ್ಲ್." ಅವಳು ನಿಧಾನಕ್ಕೆ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಚಾ ಮಾಡು ಎಂದೂ ಹೇಳಲಿಲ್ಲ.

ಸುಗುಣ ಶರಣ್ಯಾಳಿಗೆ ಹೇಳಬೇಕಾದ್ದನ್ನು ಬೇಗಬೇಗ ಹೇಳಿದಳು. ವಿಭಾಗ ಬದಲಿಸಲು ಜೂನ್ ಕೊನೆಯವರೆಗೆ ಸಮಯವಿದೆ. ಪ್ರಿನ್ಸಿಪಾಲರ ಹತ್ತಿರ ತಾನೇ ಮಾತಾಡುತ್ತೇನೆ. ಎಲ್ಲ ಮಕ್ಕಳಿಗೂ ನಿಜ ತಿಳಿಸುತ್ತೇನೆ. ಹುಡುಗಿ ಕೇಳಿಸಿಕೊಂಡಳು. ಕೊನೆಗೆ "ಈ ಪೇಪರ್ ನಂಗೇ ಇರ್ಲಾ ಟೀಚರ್?" ಎಂದಷ್ಟೇ ಕೇಳಿದಳು. ಇಟ್ಟುಕೋ ಎಂದಳು ಸುಗುಣ.

ಪ್ರೇಮಾನಂದನಿಗೆ ವಿಷಯ ಇಷ್ಟವಾಗಲಿಲ್ಲ. "ಎಲ್ಲಾ ಮುಗ್ದ್ ಹೋಯ್ತಲ್ದಾ ಮೇಡಂ. ಈಗ ಎಬ್ಸುದ್ ಎಂತಕೆ? ಟ್ರಸ್ಟಿನ್ ಹೆಸ್ರೂ ಹಾಳ್, ನಿಮ್ದೂ ಹಾಳ್. ಬೇಕಾರೆ ಆ ಹೆಣ್ಣಿಗ್ ಮುಂದಿನ್ ವರ್ಷ ಎಂತಾರೂ ಮಾಡುವ."

"ನನ್ ಹೆಸ್ರ್ ಹಾಳಾಪುಕೇ ಹೇಳುದ್ ಪ್ರೇಮಾನಂದರೇ," ಎಂದು ಸುಗುಣ ಫೋನಿಟ್ಟಳು.

ಮಕ್ಕಳೂ ಪೋಷಕರೂ ಇದ್ದ ಕೋರ್ಸಿನ ವಾಟ್ಸಾಪ್ ಗುಂಪಿನಲ್ಲಿ ಅವಳು ಬರೆದು ಹಾಕಿದಳು. ಹನ್ನೊಂದನೇ ಪ್ರಶ್ನೆಗೆ ತಾನು ಕಲಿಸಿದ ಉತ್ತರ ತಪ್ಪು, ಸರಿಯಾದ ಉತ್ತರ ಬರೆದವಳು ಶರಣ್ಯಾ ಒಬ್ಬಳೇ, ಅವಳೇ ಮೊದಲ ಸ್ಥಾನದವಳು, ಫಲಿತಾಂಶ ಹೇಳುವ ಮೊದಲೇ ಇದು ತನಗೆ ಗೊತ್ತಿತ್ತು, ತನ್ನ ಮಗಳ ಜಾಗ ಉಳಿಸಲು ಸುಮ್ಮನಿದ್ದೆ ಎಂದು. "ಗೊತ್ತಿತ್ತು" ಎಂಬ ಮಾತನ್ನು ಎರಡು ಸಲ ಅಳಿಸಿದ್ದಳು. ಮೂರನೇ ಸಲ ಇರಲಿ ಎಂದು ಬಿಟ್ಟು ಕಳಿಸಿದಳು.

ಓದಿದವರ ಪಟ್ಟಿಯಲ್ಲಿ ಹೆಸರುಗಳು ಒಂದೊಂದಾಗಿ ಮೂಡಿದವು. ಸಂಜೆ ಬ್ರಹ್ಮಾವರದ ಹುಡುಗನ ಅಪ್ಪ ತಮ್ಮ ಮಗನ ಪ್ರಮಾಣಪತ್ರಕ್ಕೆ ತೊಂದರೆ ಇಲ್ಲವಲ್ಲ ಎಂದು ಕೇಳಿದರು. ಯಾರೋ ಒಬ್ಬರು ಅದನ್ನು ಬೇರೆ ಗುಂಪುಗಳಿಗೆ ಕಳಿಸಿದರು. ಮರುದಿನ ಕಾಲೇಜಿನ ಸ್ಟಾಫ್ ರೂಮಿಗೆ ಅವಳು ಹೋದಾಗ ನಡೆಯುತ್ತಿದ್ದ ಮಾತು ನಿಂತಿತು. ಪ್ರಿನ್ಸಿಪಾಲರು ಕರೆದು, ಕಾಲೇಜಿಗೆ ಸಂಬಂಧಪಡದ ವಿಷಯ, ಆದರೂ ಈ ವರ್ಷ ಆಂತರಿಕ ಪರೀಕ್ಷೆಯ ಪತ್ರಿಕೆ ಬೇರೆಯವರು ಮಾಡಲಿ ಎಂದರು. ಟ್ರಸ್ಟು ಹೊಸ ಕೋರ್ಸಿಗೆ ಬೇರೆ ಒಬ್ಬರನ್ನು ನೇಮಿಸಿತು. ರಾಘವೇಂದ್ರ ಅಂಗಡಿಯಿಂದ ಬಂದು, "ಎಲ್ರೂ ಕೇಂತ್ರ್ ಮಾರಾಯ್ತಿ. ಹೇಳ್ದೇ ಇದ್ರೂ ಆತಿತ್ತಲ್ದಾ," ಎಂದ. ಸ್ವಾತಿ ಅಪ್ಪನ ಮುಖ ನೋಡಿ, "ಆತಿರ್ಲಿಲ್ಲ ಅಪ್ಪ," ಎಂದಳು. ಎಷ್ಟೋ ದಿನದ ಮೇಲೆ ಆ ರಾತ್ರಿ ಅವಳು ತಾಯಿಯ ಪಕ್ಕ ಕೂತು ಉಂಡಳು. ಆದರೆ ಫಿಸಿಕ್ಸಿನ ಸಂಶಯ ಕೇಳಲು ಅವಳು ಮತ್ತೆ ತಾಯಿಯ ಹತ್ತಿರ ಬರಲಿಲ್ಲ. ಬೇರೆ ಕಡೆ ಟ್ಯೂಷನ್ನಿಗೆ ಸೇರಿಕೊಂಡಳು.

ಜೂನ್ ಎರಡನೇ ವಾರ ಶರಣ್ಯಾ ಕಾಲೇಜಿಗೆ ಬಂದಳು, ಈ ಸಲ ಅಪ್ಪನ ಜೊತೆ. ಮಳೆಗಾಲಕ್ಕೆ ಬೋಟು ನಿಲ್ಲಿಸಿ ಮನೆಯಲ್ಲಿದ್ದ ಅವನು ಹೊರಗೇ ನಿಂತ, ಒಳಗೆ ಬರಲಿಲ್ಲ. ಸುಗುಣ ವಿಭಾಗ ಬದಲಾವಣೆಯ ಅರ್ಜಿಯನ್ನು ಮೊದಲೇ ತೆಗೆದಿಟ್ಟಿದ್ದಳು.

"ನಂಗೆ ಟೀಸಿ ಬೇಕಿತ್ತ್ ಟೀಚರ್," ಎಂದಳು ಶರಣ್ಯಾ. "ಸರ್ಕಾರಿ ಕಾಲೇಜಲ್ಲಿ ಸೈನ್ಸಿಗೆ ಸೀಟ್ ಸಿಕ್ಕಿತ್."

"ಇಲ್ಲೇ ಮಾಡ್ಬಹುದಲ್ಲ. ನಾನ್ ಮಾತಾಡಿದ್ದೆ, ಫೀಸಿನದ್ದೂ..."

"ಇಲ್ಲಿ ಬೇಡ," ಎಂದಳು ಹುಡುಗಿ. ಸಿಟ್ಟಿನಿಂದ ಹೇಳಲಿಲ್ಲ, ಉತ್ತರ ಗೊತ್ತಿದ್ದವರು ಹೇಳುವ ಹಾಗೆ ಹೇಳಿದಳು.

ಸುಗುಣ ತಾನೇ ಆಫೀಸಿಗೆ ಹೋಗಿ ನಿಂತು ಟೀಸಿ ಬರೆಸಿದಳು. ತಂದು ಕೊಡುವಾಗ ಕ್ಷಮೆಯ ಮಾತು ಬಾಯಿಗೆ ಬಂತು. ಕೇಳಿದರೆ ಹುಡುಗಿ ಪರವಾಗಿಲ್ಲ ಎನ್ನಬೇಕಾಗುತ್ತದೆ. ಆ ಭಾರವನ್ನೂ ಅವಳ ಮೇಲೆ ಹೊರಿಸುವುದು ಬೇಡ ಎಂದು ಸುಮ್ಮನಾದಳು.

ಆಗಸ್ಟಿನ ಒಂದು ಬೆಳಿಗ್ಗೆ ಸುಗುಣ ಕೋಟೇಶ್ವರದಲ್ಲಿ ಬಸ್ಸು ಹತ್ತಿ ಇಬ್ಬರ ಸೀಟಿನಲ್ಲಿ ಕೂತಿದ್ದಳು. ಅದೇ ಬಸ್ಸಿಗೆ ಶರಣ್ಯಾ ಹತ್ತಿದಳು. ಹೊಸ ಯೂನಿಫಾರ್ಮು, ಹೆಗಲಲ್ಲಿ ಭಾರದ ಬ್ಯಾಗು, ಕೈಯಲ್ಲಿ ಪ್ರಾಕ್ಟಿಕಲ್ ರೆಕಾರ್ಡು. ಬಸ್ಸಿನಲ್ಲಿ ಖಾಲಿ ಇದ್ದದ್ದು ಸುಗುಣಳ ಪಕ್ಕದ ಸೀಟೊಂದೇ. ಸುಗುಣ ಸ್ವಲ್ಪ ಸರಿದು, ಬ್ಯಾಗನ್ನು ತೊಡೆಯ ಮೇಲೆ ತೆಗೆದಿಟ್ಟುಕೊಂಡಳು. ಶರಣ್ಯಾ ಅವಳನ್ನು ನೋಡಿ, "ನಮಸ್ಕಾರ ಟೀಚರ್" ಎಂದಳು. ಆಮೇಲೆ ಕಂಬಿ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ನಿಂತಳು.

ಕಂಡಕ್ಟರ್ "ಹ್ವಾಯ್, ಸೀಟ್ ಇತ್ತಲೆ, ಕೂಕೊ," ಎಂದ. "ಬೇಡ, ಇಲ್ಲೇ ಇಳೂದು," ಎಂದಳು ಅವಳು. ಕುಂದಾಪುರಕ್ಕೆ ಇನ್ನೂ ಹತ್ತು ನಿಮಿಷದ ದಾರಿ ಇತ್ತು. ಬಸ್ಸು ತಿರುಗುವಾಗ ರೆಕಾರ್ಡು ಜಾರಿ ಬೀಳುವ ಹಾಗಾಯಿತು. ಸುಗುಣ ಕೈ ಚಾಚಿದಳು. ಹುಡುಗಿ ಅದನ್ನು ತಾನೇ ಎದೆಗವಚಿಕೊಂಡು ಸರಿಮಾಡಿಕೊಂಡಳು. ಸುಗುಣ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಯಾರಾದರೂ ನೋಡಿದರೋ ಎಂದು ಸುತ್ತ ನೋಡದೆ, ತನ್ನ ನಿಲ್ದಾಣ ಬರುವವರೆಗೂ ಹಾಗೇ ಕೂತಳು.